ತಂತ್ರಾಂಶ ಮರುಸ್ಥಾಪನೆಯ ವಿಘ್ನಗಳು

ತಂತ್ರಾಂಶ ಮರುಸ್ಥಾಪನೆಯ ವಿಘ್ನಗಳು : ಮನೆಯ ಗಣಕಯಂತ್ರದಲ್ಲಿ ಒಮ್ಮೆ ನೆಲೆಗೊಂಡು, ಆಮೇಲೆ ಕೆಟ್ಟುಹೋದ ಅಥವಾ ತೆಗೆದುಹಾಕಿದ ತಂತ್ರಾಂಶವೊಂದನ್ನು ಮತ್ತೆ ಅಲ್ಲಿಯೇ ಸ್ಥಾಪಿಸಹೊರಟಾಗ, ಅದು ನಡುದಾರಿಯಲ್ಲಿ ನಿಂತುಬಿಡುವುದು, ದೋಷಸಂಖ್ಯೆಯೊಂದನ್ನು ತೋರಿ ಹಿಂದೆಗೆಯುವುದು, ಇಲ್ಲವೆ ತಾನು ಈಗಾಗಲೇ ಅಲ್ಲಿರುವೆನೆಂದು ಸಾರಿ ಮುಂದುವರಿಯಲೊಲ್ಲದಿರುವುದು, ಇವೇ ಮೊದಲಾದ ಅಡ್ಡಿಗಳಿಗೆ ಈ ಹೆಸರು ಸಲ್ಲುತ್ತದೆ. ಬಳಕೆಯ ಮಾತಿನಲ್ಲಿ ಸ್ಥಾಪನೆಗೆ ಇನ್‌ಸ್ಟಾಲ್ ಮಾಡುವುದೆಂದೂ ತೆಗೆಯುವುದಕ್ಕೆ ಅನ್‌ಇನ್‌ಸ್ಟಾಲ್ ಮಾಡುವುದೆಂದೂ ಹೇಳುವುದು ರೂಢಿ. ಮನೆಗಳಲ್ಲಿ ಅತ್ಯಧಿಕವಾಗಿ ಬಳಕೆಯಲ್ಲಿರುವ ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಯನ್ನೇ ಪ್ರಧಾನವಾಗಿಟ್ಟುಕೊಂಡು ಈ ಲೇಖನದಲ್ಲಿ ವಿಷಯವನ್ನು ನಿರೂಪಿಸಿದೆ. ಲಿನಕ್ಸ್ ಮತ್ತು ಮ್ಯಾಕ್ ವ್ಯವಸ್ಥೆಗಳ ಪ್ರಸ್ತಾಪ ಕೊನೆಯಲ್ಲಿ ಬರುತ್ತದೆ.

ಮೊದಲ ಸಲ ನಿರಾತಂಕವಾಗಿ ನೆಲೆಗೊಂಡ ತಂತ್ರಾಂಶ ಎರಡನೆಯ ಸಲ ಏಕೆ ಮೊಂಡುಹಿಡಿಯುತ್ತದೆ ಎಂಬುದು ಸಾಮಾನ್ಯ ಬಳಕೆದಾರನಿಗೆ ಒಗಟಾಗಿ ತೋರುವುದು ಸಹಜ. ಅದೇ ಯಂತ್ರ, ಅದೇ ಕಡತ, ಅದೇ ಕೈ; ಆದರೂ ಫಲ ಬೇರೆ. ಇದರ ಮರ್ಮವಿರುವುದು ಗಣಕದ ದಾಖಲೆಗಳಲ್ಲಿ. ಹೊಲವನ್ನು ಬಿಟ್ಟು ಊರನ್ನೇ ತೊರೆದುಹೋದವನ ಹೆಸರು ಪಹಣಿಯಲ್ಲಿ ಹಾಗೆಯೇ ಉಳಿದಿದ್ದರೆ, ನೆಲ ಬೀಳುಬಿದ್ದಿದ್ದರೂ ಹೊಸಬನಿಗೆ ಖಾತೆಯಾಗದೆ ಕೆಲಸ ಹೇಗೆ ನಿಲ್ಲುವುದೋ, ಹಾಗೆಯೇ ತಂತ್ರಾಂಶದ ಶರೀರ ಅಳಿದುಹೋಗಿದ್ದರೂ ಅದು ಜೀವಂತವಾಗಿದೆಯೆಂದು ಹೇಳುವ ಬರಹ ಗಣಕದ ದಫ್ತರದಲ್ಲಿ ಉಳಿದಿರುವವರೆಗೆ ಮರುಸ್ಥಾಪನೆಗೆ ದಾರಿ ತೆರೆಯದು. ಎಲ್ಲ ವೈಫಲ್ಯಗಳೂ ಈ ಒಂದೇ ಮೂಲದಿಂದ ಹುಟ್ಟುವುದಿಲ್ಲವಾದರೂ, ಮರುಸ್ಥಾಪನೆಗೇ ವಿಶಿಷ್ಟವಾದ ತೊಡಕುಗಳ ಬಹುಭಾಗ ದಾಖಲೆಗೂ ವಸ್ತುಸ್ಥಿತಿಗೂ ನಡುವೆ ಬಿದ್ದ ಬಿರುಕಿನ ಪರಿಣಾಮವೇ ಆಗಿರುತ್ತದೆ. ಪರಿಹಾರವೆಂದರೆ ಆ ಎರಡನ್ನೂ ಮತ್ತೆ ಸಮನ್ವಯಗೊಳಿಸುವುದು.

ಚಾರಿತ್ರಿಕ ಹಿನ್ನೆಲೆ

1981ರಲ್ಲಿ ಐಬಿಎಂ ಸಂಸ್ಥೆಯ ವೈಯಕ್ತಿಕ ಗಣಕದೊಡನೆ ಬಳಕೆಗೆ ಬಂದ ಡಾಸ್ ವ್ಯವಸ್ಥೆಯಲ್ಲಿ ಇಂಥ ಸಮಸ್ಯೆಗೆ ಅವಕಾಶ ಅತ್ಯಲ್ಪವಾಗಿತ್ತು. ಫ್ಲಾಪಿಯಲ್ಲಿದ್ದ ಕಡತಗಳನ್ನು ಗಣಕಕ್ಕೆ ನಕಲಿಸಿದರೆ ಸ್ಥಾಪನೆ ಮುಗಿಯಿತು. ಅವನ್ನು ಅಳಿಸಿದರೆ ತಂತ್ರಾಂಶ ಹೋಯಿತು. ಮತ್ತೆ ಬೇಕೆನಿಸಿದಾಗ ಮತ್ತೆ ನಕಲಿಸಿದರಾಯಿತು. ಗಣಕ ಎಚ್ಚರಗೊಳ್ಳುವಾಗ ಓದಿಕೊಳ್ಳುವ ಒಂದೆರಡು ಆರಂಭಕಡತಗಳಲ್ಲಿ ಕೆಲವು ಸಾಲುಗಳು ಸೇರಿಕೊಂಡಿದ್ದರೂ ಅವು ಯಾರೂ ಓದಬಲ್ಲ, ಯಾರೂ ತಿದ್ದಬಲ್ಲ ಸರಳ ಬರಹಗಳಾಗಿದ್ದವು.

ವಿಂಡೋಸ್ ಬೆಳೆದಂತೆ ಈ ಸರಳತೆ ಮಾಯವಾಯಿತು. ಆರಂಭದಲ್ಲಿ ತಂತ್ರಾಂಶಗಳ ವಿವರಗಳೆಲ್ಲ ಇನಿ ಎಂಬ ಉಪನಾಮವುಳ್ಳ ಕಡತಗಳಲ್ಲಿ ಚದರಿಕೊಂಡಿದ್ದವು. 1992ರಲ್ಲಿ ಬಂದ ವಿಂಡೋಸ್ 3.1ರಲ್ಲಿ ರಿಜಿಸ್ಟ್ರಿ ಎಂಬ ದಾಖಲೆಯ ಭಂಡಾರ ಕಿರಿದಾದ ರೂಪದಲ್ಲಿ ಮೊದಲು ಕಾಣಿಸಿಕೊಂಡಿತು. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95ರಲ್ಲಿ ಅದು ಇಡೀ ವ್ಯವಸ್ಥೆಯ ಕೇಂದ್ರ ದಫ್ತರವಾಗಿ ಪರಿಣಮಿಸಿತು. ಸ್ಥಾಪಿತ ತಂತ್ರಾಂಶಗಳ ಪಟ್ಟಿಯನ್ನು ತೋರಿಸಿ, ಬೇಡವಾದುದನ್ನು ತೆಗೆಯಲು ಅನುವುಮಾಡುವ ಕಿಟಕಿಯೂ ಅಂದಿನಿಂದಲೇ ಬಳಕೆಗೆ ಬಂದಿತು. ಅದೇ ಕಾಲದಲ್ಲಿ ಹಲವು ತಂತ್ರಾಂಶಗಳು ಡಿಎಲ್ಎಲ್ ಎಂಬ ಸಮಾನ ಕಡತಗಳನ್ನು ಹಂಚಿಕೊಂಡು ಬಾಳುವ ಪದ್ಧತಿ ಬೆಳೆದು, ಒಂದನ್ನು ತೆಗೆದಾಗ ಮತ್ತೊಂದರ ಆಧಾರವೇ ಕುಸಿಯುವ ಪ್ರಸಂಗಗಳು ಹೆಚ್ಚಿದವು.

ಈ ಅವ್ಯವಸ್ಥೆಗೆ ಒಂದು ಶಿಸ್ತನ್ನು ತರುವ ಉದ್ದೇಶದಿಂದ ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ ಇನ್‌ಸ್ಟಾಲರ್ ಎಂಬ ಸೇವೆಯನ್ನು ರೂಪಿಸಿ, 1999ರಲ್ಲಿ ಆಫೀಸ್ 2000ದೊಡನೆ ಮೊದಲು ಬಳಕೆಗೆ ತಂದಿತು. ಅದುವರೆಗೆ ಪ್ರತಿಯೊಬ್ಬ ತಯಾರಕನೂ ತನ್ನ ಇಚ್ಛೆಯಂತೆ ಬರೆಯುತ್ತಿದ್ದ ಸ್ಥಾಪನಾಕ್ರಮ ಇದರಿಂದ ಒಂದೇ ನಿಯಮಕ್ಕೆ ಒಳಪಡುವಂತಾಯಿತು. 2000ದಲ್ಲಿ ವಿಂಡೋಸ್ ಎಂಇಯೊಡನೆ ಬಂದ ಸಿಸ್ಟಮ್ ರೀಸ್ಟೋರ್ ಗಣಕವನ್ನು ಹಿಂದಿನ ಒಂದು ಸುಸ್ಥಿತಿಗೆ ಮರಳಿಸುವ ಸೌಲಭ್ಯವನ್ನಿತ್ತಿತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ಪರವಾನಗಿ ಸಕ್ರಿಯಗೊಳಿಸುವ ಪದ್ಧತಿಯಾಗಲಿ, 2007ರಲ್ಲಿ ಮನೆಗಳಿಗೆ ಬಂದ ವಿಂಡೋಸ್ ವಿಸ್ಟಾದ ಆಡಳಿತಾನುಮತಿಯ ಕಟ್ಟುಪಾಡಾಗಲಿ ತಮ್ಮ ತಮ್ಮ ಉದ್ದೇಶದ ದೃಷ್ಟಿಯಿಂದ ಯುಕ್ತವಾದವುಗಳೇ. ಆದರೆ ಮರುಸ್ಥಾಪನೆಯ ದಾರಿಯಲ್ಲಿ ದಾಟಬೇಕಾದ ಬಾಗಿಲುಗಳ ಸಂಖ್ಯೆಯನ್ನು ಅವು ಹೆಚ್ಚಿಸಿದುವೆಂಬುದೂ ಅಷ್ಟೇ ದಿಟ.

ಸ್ಥಾಪನೆಯ ಅಂತರಂಗ

ಎಂಎಸ್ಐ ಎಂಬ ಉಪನಾಮವುಳ್ಳ ಸ್ಥಾಪನಾ ಕಡತ, ಹಲವರು ಭಾವಿಸುವಂತೆ ಕಡತಗಳ ಒಂದು ಗಂಟು ಮಾತ್ರವಲ್ಲ. ಅದು ಕೋಷ್ಟಕಗಳಿಂದ ಕೂಡಿದ ಒಂದು ದತ್ತಸಂಗ್ರಹ. ಯಾವ ಕಡತ ಎಲ್ಲಿಗೆ ಹೋಗತಕ್ಕದ್ದು, ರಿಜಿಸ್ಟ್ರಿಯಲ್ಲಿ ಯಾವ ನಮೂದು ಸೇರತಕ್ಕದ್ದು, ಯಾವ ಕೆಲಸದ ಅನಂತರ ಯಾವುದು ನಡೆಯತಕ್ಕದ್ದು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಪ್ರತಿಯೊಂದು ತಂತ್ರಾಂಶಕ್ಕೂ 128 ಬಿಟ್‌ಗಳ, ಅಂದರೆ ಷೋಡಶಮಾನದ 32 ಅಂಕಿಗಳ ಒಂದು ಗುರುತುಸಂಖ್ಯೆ ಇರುತ್ತದೆ. ವಿಂಡೋಸ್ ಇನ್‌ಸ್ಟಾಲರ್ ತಂತ್ರಾಂಶವನ್ನು ಗುರುತಿಸುವುದು ಪರದೆಯ ಮೇಲೆ ಕಾಣುವ ಹೆಸರಿನಿಂದಲ್ಲ, ಈ ಸಂಖ್ಯೆಯಿಂದ. ಆದಕಾರಣ ಪಟ್ಟಿಯಲ್ಲಿ ಹೆಸರು ಕಾಣದಿದ್ದರೂ ಸಂಖ್ಯೆ ಉಳಿದಿರುವ ಪಕ್ಷದಲ್ಲಿ ತಂತ್ರಾಂಶ ಇದೆಯೆಂದೇ ವ್ಯವಸ್ಥೆ ಬಗೆಯುತ್ತದೆ.

ಸ್ಥಾಪನೆ ನಡೆಯುವಾಗ ಸೇವೆಯು ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಮೊದಲು ಸಿದ್ಧಪಡಿಸಿಕೊಂಡು, ಅನಂತರ ಒಂದೊಂದಾಗಿ ನೆರವೇರಿಸುತ್ತ, ಪ್ರತಿ ಹೆಜ್ಜೆಯನ್ನೂ ಹಿಂದಕ್ಕೆ ತಿರುಗಿಸುವ ವಿಧಾನವನ್ನು ಜೊತೆಜೊತೆಗೇ ಬರೆದಿಡುತ್ತದೆ. ಮಧ್ಯದಲ್ಲಿ ವಿಘ್ನವೊದಗಿದರೆ ಅದುವರೆಗಿನ ಬದಲಾವಣೆಗಳನ್ನೆಲ್ಲ ಅಳಿಸಿ, ಗಣಕವನ್ನು ಪೂರ್ವಸ್ಥಿತಿಗೆ ತರುತ್ತದೆ. ಪ್ರಗತಿಯನ್ನು ಸೂಚಿಸುವ ಹಸಿರು ಪಟ್ಟಿ ತುದಿಮುಟ್ಟುವ ಹೊತ್ತಿಗೆ ಹಿಂದಕ್ಕೆ ಸರಿಯುವ ನೋಟ ಇದರದೇ. ಸ್ಥಾಪನೆ ಯಶಸ್ವಿಯಾದಾಗ ಎಂಎಸ್ಐ ಕಡತದ ಒಂದು ಪ್ರತಿಯನ್ನು ವಿಂಡೋಸ್ ಫೋಲ್ಡರಿನ ಒಳಗೆ, ಇನ್‌ಸ್ಟಾಲರ್ ಎಂಬ ಮರೆಯಾದ ಫೋಲ್ಡರಿನಲ್ಲಿ, ಬೇರೊಂದು ಹೆಸರಿನಿಂದ ಕಾಪಿಡಲಾಗುತ್ತದೆ. ಮುಂದೆ ಆ ತಂತ್ರಾಂಶವನ್ನು ದುರಸ್ತಿಮಾಡುವುದಕ್ಕೂ ತೆಗೆಯುವುದಕ್ಕೂ ಈ ಪ್ರತಿಯೇ ಆಧಾರ. ಡಿಸ್ಕಿನಲ್ಲಿ ಸ್ಥಳ ಸಾಲದೆಂದು, ಅರ್ಥವಾಗದ ಹೆಸರುಗಳ ಈ ಕಡತಗಳನ್ನು ಕಸವೆಂದು ಬಗೆದು ಅಳಿಸಿದವನು, ತನಗರಿವಿಲ್ಲದೆಯೇ, ಹಲವು ತಂತ್ರಾಂಶಗಳನ್ನು ತೆಗೆಯಲೂ ಆಗದ, ಮರಳಿ ಸ್ಥಾಪಿಸಲೂ ಆಗದ ಸ್ಥಿತಿಗೆ ನೂಕಿದಂತಾಗುತ್ತದೆ.

ವೈಫಲ್ಯದ ಕಾರಣಗಳು

ಮೊದಲನೆಯದೂ ಅತಿಸಾಮಾನ್ಯವೂ ಆದ ಕಾರಣ ಅಪೂರ್ಣ ನಿರ್ಮೂಲನ. ತಂತ್ರಾಂಶದ ಫೋಲ್ಡರನ್ನು ನೇರವಾಗಿ ಅಳಿಸಿಬಿಟ್ಟರೆ ಕಡತಗಳು ಹೋಗುತ್ತವೆಯೇ ಹೊರತು ರಿಜಿಸ್ಟ್ರಿಯ ನಮೂದುಗಳು, ಹಿನ್ನೆಲೆಯಲ್ಲಿ ನಡೆಯುವ ಸೇವೆಗಳು, ನಿಗದಿತ ಸಮಯದಲ್ಲಿ ಜರಗುವ ಕಾರ್ಯಗಳು ಉಳಿಯುತ್ತವೆ. ಕ್ರಮಬದ್ಧವಾಗಿ ತೆಗೆಯುವಾಗಲೂ ವಿದ್ಯುತ್ತು ಹೋದರೆ, ಅಥವಾ ತೆಗೆಯುವ ಕ್ರಮವೇ ದೋಷಯುಕ್ತವಾಗಿದ್ದರೆ, ಇದೇ ಫಲ. ಬಳಕೆದಾರನ ಸ್ವಂತ ಆಯ್ಕೆಗಳನ್ನು ಕಾಪಾಡುವ ಸದುದ್ದೇಶದಿಂದ ತಯಾರಕರೇ ಕೆಲವು ಕಡತಗಳನ್ನು ಬಿಟ್ಟುಹೋಗುವುದೂ ಉಂಟು. ಆ ಕಡತಗಳಲ್ಲಿಯೇ ದೋಷವಿದ್ದಲ್ಲಿ ಎಷ್ಟು ಸಲ ಮರುಸ್ಥಾಪಿಸಿದರೂ ಹಳೆಯ ಕೇಡು ಮರಳಿ ಬರುತ್ತಲೇ ಇರುತ್ತದೆ.

ಎರಡನೆಯದು ಬಾಕಿಯುಳಿದ ಕೆಲಸ. ಬಳಕೆಯಲ್ಲಿರುವ ಕಡತವನ್ನು ವಿಂಡೋಸ್ ಆ ಕ್ಷಣದಲ್ಲಿ ಅಳಿಸಲಾರದು. ಮುಂದಿನ ಸಲ ಗಣಕ ಆರಂಭಗೊಳ್ಳುವಾಗ ಅಳಿಸತಕ್ಕದ್ದೆಂದು ರಿಜಿಸ್ಟ್ರಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದು ಮುಗಿಯುವ ಮುನ್ನವೇ ಹೊಸ ಸ್ಥಾಪನೆಗೆ ತೊಡಗಿದರೆ ಹಲವು ತಂತ್ರಾಂಶಗಳು ಮುಂದುವರಿಯಲು ನಿರಾಕರಿಸುತ್ತವೆ. ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ: 2012ರ ವಿಂಡೋಸ್ 8ರಿಂದೀಚೆಗೆ ಗಣಕವನ್ನು ಶಟ್‌ಡೌನ್ ಮಾಡಿದಾಗ, ಶೀಘ್ರಾರಂಭದ ಸೌಲಭ್ಯಕ್ಕಾಗಿ, ವ್ಯವಸ್ಥೆಯ ಒಳತಿರುಳು ಪೂರ್ತಿ ಮುಚ್ಚಿಕೊಳ್ಳದೆ ಡಿಸ್ಕಿನಲ್ಲಿ ನಿದ್ರಾಸ್ಥಿತಿಯಲ್ಲಿ ಉಳಿದಿರುತ್ತದೆ. ಆದುದರಿಂದ ಬಾಕಿಯ ಕೆಲಸ ತೀರಬೇಕಾದರೆ ಗಣಕವನ್ನು ಮುಚ್ಚಿ ತೆರೆದರೆ ಸಾಲದು. ರೀಸ್ಟಾರ್ಟ್ ಎಂಬುದನ್ನೇ ಒತ್ತತಕ್ಕದ್ದು. ಇಡೀ ದಿನ ಹೆಣಗಿದವರ ತೊಡಕು ಈ ಒಂದೇ ಕ್ರಿಯೆಯಿಂದ ಕರಗಿದ ನಿದರ್ಶನಗಳು ಅನೇಕ.

ಮೂರನೆಯದು ಆವೃತ್ತಿಗಳ ಘರ್ಷಣೆ. ಹೊಸ ಆವೃತ್ತಿ ನೆಲೆಸಿರುವಲ್ಲಿ ಹಳೆಯದು ಪ್ರವೇಶ ಪಡೆಯದು. ಆಫೀಸ್ ತಂತ್ರಾಂಶದ 32 ಬಿಟ್ ಮತ್ತು 64 ಬಿಟ್ ರೂಪಗಳು ಒಂದೇ ಗಣಕದಲ್ಲಿ ಒಟ್ಟಿಗೆ ಬಾಳಲೊಲ್ಲವು. ನಾಲ್ಕನೆಯದು ಆಧಾರಭೂತ ಘಟಕಗಳ ಅಭಾವ: ವಿಷುಯಲ್ ಸಿ ಪ್ಲಸ್ ಪ್ಲಸ್ ಗ್ರಂಥಾಲಯ ಹಾಗೂ ಡಾಟ್ ನೆಟ್ ಚೌಕಟ್ಟು ಇವುಗಳಲ್ಲಿ ಮುಖ್ಯ. ಮನೆಯ ಗಣಕದಲ್ಲಿ ಒಂದೇ ಬಗೆಯ ಹೆಸರುಳ್ಳ ಹತ್ತಾರು ವಿಷುಯಲ್ ಸಿ ಪ್ಲಸ್ ಪ್ಲಸ್ ನಮೂದುಗಳನ್ನು ಕಂಡು, ಇವು ಅನಾವಶ್ಯಕವಾದ ಪುನರಾವರ್ತನೆಗಳೆಂದು ತೆಗೆದುಹಾಕುವವರಿದ್ದಾರೆ. ಆದರೆ ಅವುಗಳಲ್ಲಿ ಒಂದೊಂದೂ ಬೇರೆ ಬೇರೆ ತಂತ್ರಾಂಶದ ಊರುಗೋಲಾಗಿರಬಹುದಾದುದರಿಂದ ಅವನ್ನು ಮುಟ್ಟದಿರುವುದೇ ಲೇಸು.

ಐದನೆಯದು ಅಧಿಕಾರದ ಅಭಾವ. ಸ್ಥಾಪನೆ ನಡೆಯಬೇಕಾದ ಫೋಲ್ಡರಿನ ಮೇಲೆ ಸಿಸ್ಟಮ್ ಎಂಬ ಆಂತರಿಕ ಖಾತೆಗೆ ಪೂರ್ಣಾಧಿಕಾರವಿಲ್ಲದಿದ್ದರೆ, ಅಥವಾ ಆ ಫೋಲ್ಡರು ಗೂಢಲಿಪೀಕರಣಕ್ಕೆ ಒಳಪಟ್ಟಿದ್ದರೆ, ಸೇವೆ ಕೈಚೆಲ್ಲುತ್ತದೆ. ಆರನೆಯದು ರಕ್ಷಕನ ಅಡ್ಡಿ. ಆಂಟಿವೈರಸ್ ತಂತ್ರಾಂಶಗಳು ವ್ಯವಸ್ಥೆಯ ಒಳತಿರುಳಿನಲ್ಲಿಯೇ ಚಾಲಕಗಳನ್ನು ನೆಡುವುದರಿಂದ, ಹಳೆಯ ಆಂಟಿವೈರಸ್ಸನ್ನು ತೆಗೆದ ಮೇಲೂ ಅದರ ಅವಶೇಷ ಹೊಸದಕ್ಕೆ, ಕೆಲವೊಮ್ಮೆ ತನ್ನದೇ ಹೊಸ ಪ್ರತಿಗೂ, ಎದುರಾಗಿ ನಿಲ್ಲುತ್ತದೆ. ಈ ಕಾರಣದಿಂದಲೇ ಪ್ರಮುಖ ತಯಾರಕರೆಲ್ಲರೂ ತಮ್ಮ ತಂತ್ರಾಂಶವನ್ನು ಬೇರುಸಹಿತ ಕೀಳುವ ಪ್ರತ್ಯೇಕ ಸಾಧನವನ್ನು ಉಚಿತವಾಗಿ ಒದಗಿಸುತ್ತಾರೆ. ಪ್ರಿಂಟರಿನ ತಂತ್ರಾಂಶದಲ್ಲಿಯೂ ಇದೇ ಬಗೆಯ ತೊಡಕು ಕಾಣಬರುತ್ತದೆ: ತಂತ್ರಾಂಶವನ್ನು ತೆಗೆದರೂ ಅದರ ಚಾಲಕದ ಪ್ರತಿ ವಿಂಡೋಸಿನ ಚಾಲಕ ಭಂಡಾರದಲ್ಲಿ ಉಳಿದು, ಯಂತ್ರವನ್ನು ಜೋಡಿಸಿದೊಡನೆ ಅದೇ ಹಳೆಯ, ಕೆಟ್ಟ ಚಾಲಕವೇ ಮರಳಿ ಬರುತ್ತದೆ.

ಏಳನೆಯದು ಕಾಲದ ಅಂತರ. 64 ಬಿಟ್ ವಿಂಡೋಸಿನಲ್ಲಿ 16 ಬಿಟ್ ತಂತ್ರಾಂಶ ನಡೆಯದು. 1990ರ ದಶಕದ ಎಷ್ಟೋ ತಂತ್ರಾಂಶಗಳು ಸ್ವತಃ 32 ಬಿಟ್‌ನವಾಗಿದ್ದರೂ ಅವುಗಳ ಸ್ಥಾಪಕ ಮಾತ್ರ 16 ಬಿಟ್‌ನದಾಗಿದ್ದುದರಿಂದ, ಒಳಗಿರುವ ವಸ್ತು ಯೋಗ್ಯವಾಗಿದ್ದೂ ಬಾಗಿಲೇ ತೆರೆಯದಂತಾಗುತ್ತದೆ. ಪ್ರಸಿದ್ಧವಾದ ಕೆಲವು ಹಳೆಯ ಸ್ಥಾಪಕಗಳನ್ನು ವಿಂಡೋಸ್ ತಾನೇ ಗುರುತಿಸಿ ಬದಲಿಯನ್ನು ಒದಗಿಸುತ್ತದೆಯಾದರೂ ಉಳಿದವಕ್ಕೆ ಆ ಭಾಗ್ಯವಿಲ್ಲ. ಸಿಡಿಗಳ ಅನಧಿಕೃತ ನಕಲನ್ನು ತಡೆಯಲು ಒಂದು ಕಾಲದಲ್ಲಿ ಆಟಗಳ ತಯಾರಕರು ನೆಚ್ಚಿದ್ದ ಸೇಫ್‌ಡಿಸ್ಕ್ ರಕ್ಷಣೆಯ ಚಾಲಕಕ್ಕೆ 2015ರ ವಿಂಡೋಸ್ 10ರಲ್ಲಿ ಭದ್ರತೆಯ ಕಾರಣದಿಂದ ಸ್ಥಾನ ದೊರೆಯಲಿಲ್ಲ. ಹಣಕೊಟ್ಟು ಕೊಂಡ ಆಟದ ಮೂಲ ಸಿಡಿಯೇ ಇದರಿಂದ ನಿರುಪಯುಕ್ತವಾದುದುಂಟು.

ದೋಷಸಂಖ್ಯೆಗಳ ಅರ್ಥ

ಪರದೆಯ ಮೇಲೆ ಮೂಡುವ ಸಂಖ್ಯೆಯನ್ನು ಬಳಕೆದಾರರು ಬಹುಮಟ್ಟಿಗೆ ಓದದೆಯೇ ಮುಚ್ಚಿಬಿಡುತ್ತಾರೆ. ಇದು ರೋಗಿಯ ನಾಡಿಯನ್ನು ನೋಡದೆ ಔಷಧ ಕೊಟ್ಟಂತೆ. 1603 ಎಂಬುದು ಸ್ಥಾಪನೆಯ ಕಾಲದಲ್ಲಿ ಮಾರಕ ದೋಷ ಘಟಿಸಿತೆಂಬ ಸಾಮಾನ್ಯ ಸೂಚನೆ. ಇದೊಂದರಿಂದಲೇ ಕಾರಣ ತಿಳಿಯದು, ಮುಂದೆ ಶೋಧಿಸಬೇಕು. 1618 ಎಂದರೆ ಮತ್ತೊಂದು ಸ್ಥಾಪನೆ ನಡೆಯುತ್ತಿದೆಯೆಂದು. ಕಾಯುವುದು ಅಥವಾ ರೀಸ್ಟಾರ್ಟ್ ಮಾಡುವುದು ಪರಿಹಾರ. 1612 ಎಂದರೆ ಮೂಲ ಸ್ಥಾಪನಾ ಕಡತ ಅದಿದ್ದ ಸ್ಥಾನದಲ್ಲಿ ದೊರೆಯಲಿಲ್ಲವೆಂದು. 1638 ಎಂದರೆ ಇದೇ ತಂತ್ರಾಂಶದ ಬೇರೊಂದು ಆವೃತ್ತಿ ಆಗಲೇ ಇದೆಯೆಂದು. 1714 ಎಂದರೆ ಹಳೆಯ ಆವೃತ್ತಿಯನ್ನು ತೆಗೆಯಲಾಗಲಿಲ್ಲವೆಂದು. 1601 ಎಂದರೆ ವಿಂಡೋಸ್ ಇನ್‌ಸ್ಟಾಲರ್ ಸೇವೆಯೇ ಕೈಗೆ ಸಿಗುತ್ತಿಲ್ಲವೆಂದು. ಸೇಫ್ ಮೋಡ್ ಸ್ಥಿತಿಯಲ್ಲಿ ಈ ಸೇವೆ ಸಾಮಾನ್ಯವಾಗಿ ನಡೆಯದೆಂಬುದನ್ನು ಇಲ್ಲಿ ನೆನೆಯಬೇಕು. 1072 ಎಂದರೆ ಸೇವೆಯೊಂದು ಅಳಿಸಲ್ಪಡಲು ಗುರುತುಗೊಂಡು ಇನ್ನೂ ಅಳಿಯದೆ ನಿಂತಿದೆಯೆಂದು. 3010 ಮಾತ್ರ ದೋಷವೇ ಅಲ್ಲ: ಕೆಲಸ ಯಶಸ್ವಿಯಾಗಿದೆ, ರೀಸ್ಟಾರ್ಟ್ ಬಾಕಿಯಿದೆ ಎಂಬುದು ಅದರ ತಾತ್ಪರ್ಯ.

ಇದೇ ಸಂಖ್ಯೆಗಳು ಕೆಲವೊಮ್ಮೆ ಷೋಡಶಮಾನದ ವೇಷದಲ್ಲಿಯೂ ಬರುತ್ತವೆ. 80070643 ಎಂದು ಕಂಡರೆ ಅದರ ಕೊನೆಯ 643 ದಶಮಾನದ 1603ಕ್ಕೂ, 80070652 ಎಂಬುದರ 652 ದಶಮಾನದ 1618ಕ್ಕೂ, 80070666 ಎಂಬುದರ 666 ದಶಮಾನದ 1638ಕ್ಕೂ ಸಮನಾದುದು. ಭೀಕರವಾಗಿ ತೋರುವ ಈ ಉದ್ದನೆಯ ಸಂಖ್ಯೆಗಳು ಹೀಗೆ ಪರಿಚಿತ ದೋಷಗಳೇ ಆಗಿರುವುದನ್ನು ಅರಿತವನಿಗೆ ಅರ್ಧ ಭಯ ಅಲ್ಲಿಯೇ ನೀಗುತ್ತದೆ.

ನಿದಾನಕ್ರಮ

ಚಿಕಿತ್ಸೆಗೆ ಮೊದಲು ನಿದಾನ ನಡೆಯಬೇಕೆಂಬ ವೈದ್ಯಶಾಸ್ತ್ರದ ನಿಯಮ ಇಲ್ಲಿಯೂ ಅನ್ವಯಿಸುತ್ತದೆ. ಪ್ರಥಮತಃ ಸ್ಥಾಪನಾ ಕಡತವೇ ಸರಿಯಾಗಿದೆಯೇ ಎಂದು ಪರೀಕ್ಷಿಸತಕ್ಕದ್ದು. ಡೌನ್‌ಲೋಡ್ ಅರ್ಧಕ್ಕೆ ನಿಂತ ಕಡತ ಹೊರನೋಟಕ್ಕೆ ಪೂರ್ಣದಂತೆಯೇ ಕಾಣುವುದುಂಟು. ತಯಾರಕರು ಪ್ರಕಟಿಸಿರುವ 64 ಅಂಕಿಗಳ ಎಸ್ಎಚ್ಎ 256 ಮುದ್ರೆಯೊಡನೆ ನಮ್ಮ ಕಡತದ ಮುದ್ರೆಯನ್ನು ಹೋಲಿಸಿದರೆ ಸಂಶಯ ತೀರುತ್ತದೆ; ಮುದ್ರೆ ಪ್ರಕಟವಾಗಿಲ್ಲದಿದ್ದರೆ ಮೂಲಸ್ಥಾನದಿಂದ ಮತ್ತೊಮ್ಮೆ ಇಳಿಸಿಕೊಳ್ಳುವುದು ಯುಕ್ತ. ಅನಂತರ ಡಿಸ್ಕಿನಲ್ಲಿ ಎಡೆಯಿದೆಯೇ, ಗಣಕದ ದಿನಾಂಕ ಸರಿಯಾಗಿದೆಯೇ ಎಂದು ನೋಡಬೇಕು. ದಿನಾಂಕ ತಪ್ಪಿದ್ದರೆ ಅಂಕಿತ ಸಹಿಗಳ ಪರಿಶೀಲನೆ ಕೆಡುತ್ತದೆ.

ಇಷ್ಟಾದ ಮೇಲೂ ಕಾರಣ ತಿಳಿಯದಿದ್ದರೆ ಸ್ಥಾಪನೆಯ ದಿನಚರಿಯನ್ನು ಓದುವುದೇ ರಾಜಮಾರ್ಗ. ಎಂಎಸ್ಐಎಕ್ಸೆಕ್ ಎಂಬ ಆಜ್ಞೆಯ ಮೂಲಕ ಸ್ಥಾಪನೆಯನ್ನು ಆರಂಭಿಸಿ, ಪ್ರತಿಯೊಂದು ಹೆಜ್ಜೆಯನ್ನೂ ಒಂದು ಲಾಗ್ ಕಡತದಲ್ಲಿ ಬರೆಯುವಂತೆ ಸೂಚಿಸಬಹುದು. ಸಾವಿರಾರು ಸಾಲುಗಳ ಆ ಬರಹವನ್ನು ಕಂಡು ಎದೆಗುಂದಬೇಕಾದುದಿಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದು, ಆಂಗ್ಲದಲ್ಲಿ ರಿಟರ್ನ್ ವ್ಯಾಲ್ಯೂ 3 ಎಂಬ ಮಾತು ಮೊದಲ ಸಲ ಎಲ್ಲಿ ಬರುವುದೋ ಅದನ್ನು ಹುಡುಕಬೇಕು. ಸ್ಥಾಪನೆ ಮುರಿದುಬಿದ್ದ ಸ್ಥಾನ ಅದು. ಅದರ ಮೇಲಿನ ಹತ್ತಿಪ್ಪತ್ತು ಸಾಲುಗಳಲ್ಲಿ ಯಾವ ಕಡತವನ್ನು ಬರೆಯಲಾಗಲಿಲ್ಲ, ಯಾವ ನಮೂದನ್ನು ತೆರೆಯಲಾಗಲಿಲ್ಲ ಎಂಬುದು ಪ್ರಾಯಶಃ ಹೆಸರುಸಹಿತ ದೊರೆಯುತ್ತದೆ. ಕೆಳಗೆ ಬರುವ ದೋಷಗಳು ಆ ಮೊದಲ ದೋಷದ ಸಂತತಿಯಾಗಿರುವುದೇ ಹೆಚ್ಚಾದ ಕಾರಣ ಅವನ್ನು ಬೆನ್ನಟ್ಟಬಾರದು.

ಪರಿಹಾರಕ್ರಮ

ಸೌಮ್ಯದಿಂದ ಉಗ್ರಕ್ಕೆ ಸಾಗುವುದು ಪರಿಹಾರದ ಸೂತ್ರ. ಮೊದಲು ರೀಸ್ಟಾರ್ಟ್ ಮಾಡಿ, ಆಡಳಿತಗಾರನ ಅಧಿಕಾರದಿಂದ ಸ್ಥಾಪಕವನ್ನು ನಡೆಸಿ ನೋಡುವುದು. ಎರಡನೆಯದಾಗಿ, ಪಟ್ಟಿಯಲ್ಲಿ ಹಳೆಯ ನಮೂದು ಉಳಿದಿದ್ದರೆ ತೆಗೆಯುವುದಕ್ಕಿಂತ ಮೊದಲು ದುರಸ್ತಿಯ ಆಯ್ಕೆಯನ್ನು ಬಳಸುವುದು. ಅರೆಯಾಗಿ ಅಳಿದುದನ್ನು ಮೊದಲು ಪೂರ್ಣಗೊಳಿಸಿ, ಅನಂತರ ಕ್ರಮವಾಗಿ ತೆಗೆಯುವುದು ವಿಚಿತ್ರವಾಗಿ ಕಂಡರೂ ಫಲದಾಯಕವಾದ ಮಾರ್ಗ. ಅದೇ ಹಳೆಯ ಆವೃತ್ತಿಯ ಮೂಲ ಸ್ಥಾಪನಾ ಕಡತ ಕೈಯಲ್ಲಿದ್ದರೆ ಈ ಕೆಲಸ ಸುಲಭಸಾಧ್ಯ. ಮೂರನೆಯದಾಗಿ, ತಾತ್ಕಾಲಿಕ ಕಡತಗಳ ಫೋಲ್ಡರನ್ನು ಬರಿದುಮಾಡುವುದು. ನಾಲ್ಕನೆಯದಾಗಿ, ತಯಾರಕರ ನಿರ್ಮೂಲನ ಸಾಧನವನ್ನು ಬಳಸುವುದು.

ದಾಖಲೆಗಳೇ ಕೆಟ್ಟಿರುವಲ್ಲಿ ಮೈಕ್ರೋಸಾಫ್ಟ್ ಉಚಿತವಾಗಿ ನೀಡುವ, ಸ್ಥಾಪನೆ ಮತ್ತು ನಿರ್ಮೂಲನದ ದೋಷಪರಿಹಾರಕ ಎಂಬ ಸಾಧನ ನೆರವಿಗೆ ಬರುತ್ತದೆ. ಇದಕ್ಕೆ ಮೊದಲು ಬಳಕೆಯಲ್ಲಿದ್ದ ವಿಂಡೋಸ್ ಇನ್‌ಸ್ಟಾಲರ್ ಕ್ಲೀನಪ್ ಎಂಬ ಸಾಧನ ಒಂದು ತಂತ್ರಾಂಶದ ದಾಖಲೆಯನ್ನು ಕೀಳುವ ಭರದಲ್ಲಿ ಬೇರೆಯವಕ್ಕೂ ಹಾನಿಮಾಡುತ್ತಿದ್ದುದು ಕಂಡುಬಂದುದರಿಂದ ಅದನ್ನು 2010ರಲ್ಲಿ ಹಿಂತೆಗೆದುಕೊಳ್ಳಲಾಯಿತು. ರೂಪಿಸಿದ ಸಂಸ್ಥೆಯೇ ಕೈಬಿಟ್ಟ ಈ ಉದಾಹರಣೆ, ಎಲ್ಲವನ್ನೂ ಒಂದೇ ಗುಂಡಿಯಿಂದ ಶುದ್ಧಿಮಾಡುವುದಾಗಿ ಸಾರುವ ರಿಜಿಸ್ಟ್ರಿ ಕ್ಲೀನರ್‌ಗಳ ವಿಷಯದಲ್ಲಿ ನಮ್ಮನ್ನು ಎಚ್ಚರಿಸಬೇಕು. ರಿಜಿಸ್ಟ್ರಿಯನ್ನು ಸ್ವತಃ ತಿದ್ದಲೇಬೇಕಾಗಿ ಬಂದರೆ, ತಿದ್ದುವ ಭಾಗದ ಪ್ರತಿಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, ಪುನಃಸ್ಥಾಪನಾ ಬಿಂದುವೊಂದನ್ನು ರಚಿಸಿ, ಆ ತಂತ್ರಾಂಶದ್ದೆಂದು ನಿಸ್ಸಂಶಯವಾಗಿ ತಿಳಿದ ನಮೂದನ್ನು ಮಾತ್ರ ಅಳಿಸತಕ್ಕದ್ದು. 64 ಬಿಟ್ ವ್ಯವಸ್ಥೆಯಲ್ಲಿ 32 ಬಿಟ್ ತಂತ್ರಾಂಶಗಳ ನಮೂದುಗಳು ಪ್ರತ್ಯೇಕವಾದ ಶಾಖೆಯಲ್ಲಿ ಇರುವುದರಿಂದ ಎರಡು ಕಡೆಗಳಲ್ಲಿಯೂ ಹುಡುಕುವುದು ಅವಶ್ಯ.

ವ್ಯವಸ್ಥೆಯ ಸ್ವಂತ ಕಡತಗಳೇ ಕೆಟ್ಟಿರುವ ಶಂಕೆಯಿದ್ದರೆ ಡಿಐಎಸ್ಎಂ ಮತ್ತು ಎಸ್ಎಫ್‌ಸಿ ಎಂಬ ಆಜ್ಞೆಗಳನ್ನು ಈ ಕ್ರಮದಲ್ಲಿಯೇ ನಡೆಸತಕ್ಕದ್ದು. ಮೊದಲನೆಯದು ಶುದ್ಧ ಪ್ರತಿಗಳ ಭಂಡಾರವನ್ನು ದುರಸ್ತಿಮಾಡುತ್ತದೆ, ಎರಡನೆಯದು ಆ ಭಂಡಾರದಿಂದ ಕೆಟ್ಟ ಕಡತಗಳನ್ನು ಬದಲಿಸುತ್ತದೆ. ಬೇರೆ ತಂತ್ರಾಂಶದ ಹಸ್ತಕ್ಷೇಪವಿದೆಯೆಂದು ತೋರಿದರೆ, ಮೈಕ್ರೋಸಾಫ್ಟಿನವಲ್ಲದ ಸೇವೆಗಳನ್ನೆಲ್ಲ ತಾತ್ಕಾಲಿಕವಾಗಿ ತಡೆದು ಗಣಕವನ್ನು ಆರಂಭಿಸುವ ಕ್ಲೀನ್ ಬೂಟ್ ಎಂಬ ವಿಧಾನವಿದೆ. ಇವೆಲ್ಲವೂ ನಿಷ್ಫಲವಾದರೆ, ಇರುವ ವಿಂಡೋಸಿನ ಮೇಲೆಯೇ ಅದೇ ವಿಂಡೋಸನ್ನು ಸ್ಥಾಪಿಸಿ, ಕಡತಗಳನ್ನೂ ತಂತ್ರಾಂಶಗಳನ್ನೂ ಉಳಿಸಿಕೊಳ್ಳುವ ದುರಸ್ತಿ ಸ್ಥಾಪನೆ ಉಪಾಂತ್ಯದ ಉಪಾಯ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಮೊದಲೇ ಸೂಚಿಸುವ ಫಾರ್ಮ್ಯಾಟ್ ವಾಸ್ತವವಾಗಿ ಕಟ್ಟಕಡೆಯದು. ಒಂದು ಕೋಣೆಯ ಬೀಗ ತೆರೆಯದೆಂದು ಮನೆಯನ್ನೇ ಕೆಡವಿದಂತೆ, ಅದು ಆ ಒಂದು ತಂತ್ರಾಂಶದ ಸಲುವಾಗಿ ಉಳಿದೆಲ್ಲವನ್ನೂ ಬಲಿಕೊಡುತ್ತದೆ.

ಕನ್ನಡ ಬಳಕೆದಾರರ ವಿಶೇಷ ತೊಡಕುಗಳು

ಕನ್ನಡಿಗರು ಬಳಸುವ ಗಣಕಗಳಲ್ಲಿ ಎರಡು ಸಂಗತಿಗಳನ್ನು ವಿಶೇಷವಾಗಿ ಗಮನಿಸಬೇಕು. ಕೆಲವು ಯೂರೋಪಿಯನ್ ಮತ್ತು ಪೂರ್ವ ಏಷ್ಯದ ಲಿಪಿಗಳಿಗೆ ಇರುವಂತೆ ಯೂನಿಕೋಡ್‌ಪೂರ್ವದ ಸಂಕೇತಪುಟ ವಿಂಡೋಸಿನಲ್ಲಿ ಕನ್ನಡಕ್ಕೆ ಇಲ್ಲ. ಕನ್ನಡ ಅಲ್ಲಿ ಯೂನಿಕೋಡ್ ಮೂಲಕವೇ ನಡೆಯತಕ್ಕ ಭಾಷೆ. ಈ ಕಾರಣದಿಂದ ಬಳಕೆದಾರನು ತನ್ನ ಖಾತೆಗೆ ಕನ್ನಡ ಲಿಪಿಯಲ್ಲಿ ಹೆಸರಿಟ್ಟು, ಅವನ ಫೋಲ್ಡರಿನ ಹೆಸರೂ ಕನ್ನಡದಲ್ಲಿಯೇ ಇದ್ದರೆ, ಯೂನಿಕೋಡನ್ನು ಅರಿಯದ ಹಳೆಯ ಸ್ಥಾಪಕಗಳು ಆ ಮಾರ್ಗವನ್ನು ಓದಲಾರದೆ ಸೋಲುತ್ತವೆ. ಕನ್ನಡದಲ್ಲಿ ಹೆಸರಿಟ್ಟವನದು ಇಲ್ಲಿ ತಪ್ಪೇನೂ ಅಲ್ಲ, ಕೊರತೆ ಸ್ಥಾಪಕದ್ದು. ರೋಮನ್ ಲಿಪಿಯ ಹೆಸರುಳ್ಳ ಮತ್ತೊಂದು ಆಡಳಿತ ಖಾತೆಯನ್ನು ತೆರೆದು ಅಲ್ಲಿಂದ ಸ್ಥಾಪಿಸುವುದು ಇದಕ್ಕೆ ಸುಲಭವಾದ ಉಪಾಯ.

ಎರಡನೆಯದು ಹಳೆಯ ಕನ್ನಡ ತಂತ್ರಾಂಶಗಳ ವಿಷಯ. 1998ರಲ್ಲಿ ಮೊದಲು ಹೊರಬಂದ ಬರಹ, ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಮೊದಲಾದವುಗಳ ಯೂನಿಕೋಡೇತರ ಅಕ್ಷರಶೈಲಿಗಳಲ್ಲಿ ಬರೆದ ಲೇಖನಗಳು, ಪತ್ರಗಳು, ವಂಶಾವಳಿಗಳು ಮನೆಮನೆಯ ಗಣಕಗಳಲ್ಲಿ ಇಂದಿಗೂ ಇವೆ. ಆ ಫಾಂಟುಗಳು ಇಲ್ಲವಾದ ದಿನ ಈ ಬರಹಗಳೆಲ್ಲ ಅರ್ಥಹೀನವಾದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ತಂತ್ರಾಂಶ ಮರಳಿ ನೆಲೆಗೊಳ್ಳದಿದ್ದರೆ ಹಿರಿಯರ ಬರಹವೇ ಕಳೆದುಹೋಯಿತೆಂಬ ಆತಂಕ ಹುಟ್ಟುತ್ತದೆ. ಕಡತ ಕೆಟ್ಟಿಲ್ಲ, ಓದುವ ಕಣ್ಣು ಮಾತ್ರ ಹೋಗಿದೆ ಎಂಬುದನ್ನು ಅರಿಯಬೇಕು. ಫಾಂಟು ಬಳಕೆಯಲ್ಲಿರುವಾಗ ಅದರ ಕಡತವನ್ನು ಬದಲಿಸಲಾಗದಾದ್ದರಿಂದ, ವರ್ಡ್ ಮೊದಲಾದವುಗಳನ್ನೆಲ್ಲ ಮುಚ್ಚಿ ಸ್ಥಾಪಿಸಿದರೆ ಎಷ್ಟೋ ಸಲ ಕೆಲಸ ಕೈಗೂಡುತ್ತದೆ. ಹಾಗೆ ಬರಹ ಕಣ್ಣಿಗೆ ಬಿದ್ದ ಕೂಡಲೇ ಪರಿವರ್ತಕದ ಸಹಾಯದಿಂದ ಅದನ್ನು ಯೂನಿಕೋಡಿಗೆ ತಿರುಗಿಸಿ ಇಡುವುದು ಶಾಶ್ವತ ಪರಿಹಾರ.

ಇತರ ವ್ಯವಸ್ಥೆಗಳು

ಲಿನಕ್ಸ್ ವ್ಯವಸ್ಥೆಯಲ್ಲಿ ಸ್ಥಾಪನೆಯ ಲೆಕ್ಕವನ್ನು ವ್ಯವಸ್ಥೆಯೇ ಇಡುವುದರಿಂದ ತೊಡಕುಗಳು ವಿರಳ. ಆದರೂ ದಾಖಲೆಗೂ ವಸ್ತುವಿಗೂ ಬೀಳುವ ಬಿರುಕು ಅಲ್ಲಿಯೂ ಇಲ್ಲದಿಲ್ಲ. ಡೆಬಿಯನ್ ಮತ್ತು ಉಬುಂಟುಗಳ ಡಿಪಿಕೆಜಿ ವ್ಯವಸ್ಥೆಯಲ್ಲಿ ರಿಮೂವ್ ಎಂಬ ಆಜ್ಞೆ ತಂತ್ರಾಂಶವನ್ನು ತೆಗೆದು ವಿನ್ಯಾಸದ ಕಡತಗಳನ್ನು ಉಳಿಸುತ್ತದೆ. ಪರ್ಜ್ ಎಂಬುದು ಎರಡನ್ನೂ ತೆಗೆಯುತ್ತದೆ. ಬಳಕೆದಾರನು ವಿನ್ಯಾಸದ ಕಡತವನ್ನು ಕೈಯಿಂದಲೇ ಅಳಿಸಿ ಮರುಸ್ಥಾಪಿಸಿದರೆ ಅದು ಮರಳಿ ಬರುವುದಿಲ್ಲ. ಅಳಿಸಿದ್ದು ಒಡೆಯನ ಇಚ್ಛೆಯೆಂದು ವ್ಯವಸ್ಥೆ ಗೌರವದಿಂದ ಭಾವಿಸುವುದೇ ಇದಕ್ಕೆ ಕಾರಣ. ಪರ್ಜ್ ಮಾಡಿ ಅನಂತರ ಸ್ಥಾಪಿಸಿದರೆ ದಾರಿ ಸುಗಮ. ಮ್ಯಾಕ್ ವ್ಯವಸ್ಥೆಯಲ್ಲಿ ತಂತ್ರಾಂಶವನ್ನು ಟ್ರ್ಯಾಶ್‌ಗೆ ಎಳೆದುಹಾಕಿದರೂ ಲೈಬ್ರರಿ ಫೋಲ್ಡರಿನಲ್ಲಿ ಅದರ ಆಯ್ಕೆಗಳೂ, ರಶೀದಿಗಳ ಸಂಗ್ರಹದಲ್ಲಿ ಸ್ಥಾಪನೆಯ ಗುರುತೂ ಉಳಿಯುತ್ತವೆ. 2012ರಿಂದ ಬಳಕೆಗೆ ಬಂದ ಗೇಟ್‌ಕೀಪರ್ ಎಂಬ ಕಾವಲು, ಗುರುತಿಲ್ಲದ ತಯಾರಕರ ತಂತ್ರಾಂಶಗಳನ್ನು ತಡೆಯುತ್ತದೆ.

ಮುಂಜಾಗ್ರತೆ

ತಂತ್ರಾಂಶವನ್ನು ಅದರ ಸ್ವಂತ ನಿರ್ಮೂಲನ ಕ್ರಮದಿಂದಲೇ ತೆಗೆಯುವುದು, ತೆಗೆದ ಮೇಲೆ ರೀಸ್ಟಾರ್ಟ್ ಮಾಡುವುದು, ಪರವಾನಗಿಗೆ ಗಣಕಗಳ ಮಿತಿಯಿರುವಲ್ಲಿ ತೆಗೆಯುವ ಮೊದಲೇ ಆ ಗಣಕದಿಂದ ಅದನ್ನು ಬಿಡಿಸಿಕೊಳ್ಳುವುದು, ಸಿಸ್ಟಮ್ ರೀಸ್ಟೋರ್ ಸಕ್ರಿಯವಾಗಿದೆಯೇ ಎಂದು ನೋಡಿಕೊಳ್ಳುವುದು, ಇವಿಷ್ಟನ್ನು ಅಭ್ಯಾಸಮಾಡಿಕೊಂಡ ಮನೆಗೆ ಈ ವಿಘ್ನಗಳು ವಿರಳವಾಗಿ ಬರುತ್ತವೆ. ಯಾವ ದುರಸ್ತಿಗೂ ಕೈಹಾಕುವ ಮುನ್ನ ಮನೆಯವರ ಲೆಕ್ಕಪತ್ರ, ಛಾಯಾಚಿತ್ರ, ಬರಹಗಳ ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ತೆಗೆದಿಡುವುದು ಎಲ್ಲಕ್ಕಿಂತ ಮೊದಲ ಕರ್ತವ್ಯ. ತಂತ್ರಾಂಶವನ್ನು ಮತ್ತೆ ಕೊಳ್ಳಬಹುದು, ಅವನ್ನು ಕೊಳ್ಳಲಾಗದು. ಸ್ಥಾಪನಾ ಕಡತ, ಪರವಾನಗಿಯ ಸಂಖ್ಯೆ, ಸ್ವಂತ ಕಡತಗಳ ಪ್ರತಿ ಈ ಮೂರೂ ಗಣಕದ ಹೊರಗೆ ಒಂದು ಕಡೆ ಭದ್ರವಾಗಿರುವ ಮನೆಯಲ್ಲಿ ಮರುಸ್ಥಾಪನೆಯ ತೊಡಕು ಒಂದು ಸಂಜೆಯ ಕೆಲಸ. ಅವು ಇಲ್ಲದ ಮನೆಯಲ್ಲಿ ಅದು ನಷ್ಟ.